ಮೂವತ್ತೊಂಬತ್ತು ಡಾಲರ್ ಕಡಿಮೆ

ಜೈಲಿನ ನೆಲಮಾಳಿಗೆಯಲ್ಲಿ ನನ್ನ ಕಿಟಕಿ.
ಗಾಜಿನ ನಡುವೆ ತಟ್ಟೆಯಷ್ಟಗಲದ ತೂತು, ಮಾತಿಗೆ;
ಕೆಳಗೆ ಬೆರಳು ನುಸುಳುವಷ್ಟು ಸಂದು, ಹಣಕ್ಕೆ.
ತೂತು ದೊಡ್ಡದು.
ಸವೆದಿರುವುದು ಸಂದು.

ಟೊಲೀಡೊದ ಫೆಬ್ರವರಿ, ರಾತ್ರಿ ಎರಡೂ ಕಾಲು.
ಮಾಮೀ ನದಿ ಹೆಪ್ಪುಗಟ್ಟಿ ಮೂರು ವಾರ.
ಓಡೆಸ್ಸಾ ಪೆಟಿಗ್ರೂ ಬಂದಳು, ಎಪ್ಪತ್ತೊಂದರ ಅಜ್ಜಿ,
ಬೂಟಿನ ಹಿಮ ಒರೆಸಿ ಒರೆಸಿ,
ಯಾರದೋ ಮನೆಗೆ ಊಟಕ್ಕೆ ಬಂದವಳಂತೆ.
ಕಾಫಿ ಡಬ್ಬಿಯ ಮುಚ್ಚಳ ತೆಗೆದಳು.

"ಮೊಮ್ಮಗ ಲೂಷಸ್. ಹಿಮ ತೆಗೆಯುವ ಯಂತ್ರ ಕದ್ದನಂತೆ.
ಅವನಿಗೆ ಅಂಗಳವೇ ಇಲ್ಲ ತಾಯೀ, ಇರುವುದು ಮೂರನೇ ಮಹಡಿ."

ಕ್ಯಾಮರಾದಲ್ಲಿ ಕಂಡದ್ದು ಒಂದು ಜಾಕೆಟ್ಟು.
ಅಂಥದೇ ಜಾಕೆಟ್ಟು ಆ ಬೀದಿಯಲ್ಲಿ ಹನ್ನೊಂದು ಜನಕ್ಕಿದೆ,
ಚರ್ಚಿನವರು ಒಂದೇ ಮೂಟೆಯಿಂದ ಹಂಚಿದ್ದು.

ನಾನು ನ್ಯಾಯಾಧೀಶೆಯಲ್ಲ. ಎಣಿಸುವವಳು.
ಜಾಮೀನು ಎರಡೂವರೆ ಸಾವಿರ,
ಹತ್ತರಲ್ಲಿ ಒಂದು ಪಾಲು ಕಟ್ಟಿದರೆ ಬಾಗಿಲು ತೆಗೆಯುತ್ತದೆ.
ಇಪ್ಪತ್ತರ ನೋಟು, ಐದರ ನೋಟು, ಒಂದರ ಸುರುಳಿ,
ಎಲ್ಲಕ್ಕೂ ಹಳೆಯ ಕಾಫಿಪುಡಿಯ ವಾಸನೆ:
ಇನ್ನೂರ ಹನ್ನೊಂದು.
ಮತ್ತೆ ಎಣಿಸಿದೆ. ಎರಡನೇ ಸಲ ಎಣಿಸಿದರೆ ಹಣ ಹೆಚ್ಚುವುದಿಲ್ಲ,
ಆದರೂ ಈ ಗಾಜಿನಾಚೆ ನಿಂತವರೆಲ್ಲ
ಇನ್ನೊಮ್ಮೆ ಎಣಿಸಿ ಅನ್ನುತ್ತಾರೆ.

ನನ್ನ ಚೀಲದಲ್ಲಿ ಅರವತ್ತಿತ್ತು.
ನೌಕರರು ಯಾರ ಪರವಾಗಿಯೂ ಕಟ್ಟತಕ್ಕದ್ದಲ್ಲ:
ನಿಯಮ. ಅದು ನಿಜ.
ಆ ಅರವತ್ತು ನನ್ನ ವಾರದ ಪೆಟ್ರೋಲು. ಅದೂ ನಿಜ.
ಎರಡು ನಿಜ ಸೇರಿದರೆ ಒಂದು ನೆಪ.
ಅಜ್ಜಿ ಡಬ್ಬಿಯ ಮುಚ್ಚಳ ಒತ್ತಿದ ಸದ್ದು,
ಟಕ್,
ಇನ್ನೂ ಕಿವಿಯಲ್ಲಿದೆ.

ಲೂಷಸ್ ಒಳಗೆ ಹತ್ತೊಂಬತ್ತು ದಿನ.
ನಾಲ್ಕನೆಯ ದಿನ ಟೈರಂಗಡಿಯವರು ಬೇರೆ ಹುಡುಗನನ್ನಿಟ್ಟುಕೊಂಡರು.
ಕೊನೆಯ ದಿನ ಬಂದಳು ಕ್ವಿಲಿಯನ್,
ಕಾಸಿಲ್ಲದವರಿಗೆಂದು ಸರ್ಕಾರ ಕೊಡುವ ವಕೀಲೆ,
ತೋಳ ತುಂಬ ಕಡತ, ಹಲ್ಲಿನ ನಡುವೆ ಪೆನ್ನು.
ಏಳು ನಿಮಿಷ ಕೊಟ್ಟಳು. ಕೆಟ್ಟವಳಲ್ಲ.
ಎಂಟನೆಯ ನಿಮಿಷ ಇನ್ನೊಬ್ಬನದು.

"ತಪ್ಪಿಲ್ಲ ಎಂದರೆ ವಿಚಾರಣೆ. ಜೂನ್ ಆದೀತು. ಇಲ್ಲೇ ಕಾಯಬೇಕು.
ತಪ್ಪಾಯಿತು ಎಂದರೆ ಇವತ್ತು ರಾತ್ರಿಯೂಟ ಮನೆಯಲ್ಲಿ."
"ಹೇಗೆ ಕದ್ದೆ ಅಂತ ಕೇಳಿದರೆ ಏನು ಹೇಳಲಿ?"
"ಕೇಳುವುದಿಲ್ಲ."

ಕೇಳಲೂ ಇಲ್ಲ.
ಗೆದ್ದವ ಸೋತ, ಸೋತವ ಸತ್ತ
ಎನ್ನುವ ಗಾದೆಗೂ ಇಲ್ಲಿ ಕೆಲಸವಿಲ್ಲ,
ಗೆಲ್ಲಲಿಕ್ಕೆ ಸೋಲಲಿಕ್ಕೆ ವ್ಯಾಜ್ಯವಾದರೂ ನಡೆಯಬೇಕಲ್ಲ.
ಜ್ಯೂರಿಯ ಹನ್ನೆರಡು ಕುರ್ಚಿಗೆ ಮೆರುಗೆಣ್ಣೆ ಹಚ್ಚಿಟ್ಟಿದ್ದಾರೆ;
ಬುಧವಾರ ಶಾಲೆಯ ಮಕ್ಕಳು ಬಂದು
ಒಂದೊಂದರಲ್ಲಿ ಕೂತು, ಕಾಲಾಡಿಸಿ, ಇಳಿದು ಹೋಗುತ್ತಾರೆ.

ಮಾರ್ಚಿನಲ್ಲಿ ಲೂಷಸ್ ನನ್ನ ಕಿಟಕಿಗೆ ಬಂದ.
ಬಡವನೆಂದು ಬರೆದುಕೊಟ್ಟ ಅರ್ಜಿಗೆ ಇಪ್ಪತ್ತೈದು,
ಕೋರ್ಟಿನ ಖರ್ಚು ನೂರಾ ನಲವತ್ತು,
ಜೈಲಿಗೆ ಸೇರಿಸಿಕೊಂಡದ್ದಕ್ಕೆ ಮೂವತ್ತು.
ತಿಂಗಳಿಗೆ ಇಪ್ಪತ್ತರ ಕಂತು.
ಅಜ್ಜಿಯ ಮೂಗು, ಅಜ್ಜಿಯ ಹಾಗೇ ಬೂಟು ಒರೆಸಿದ.

"ಆ ಯಂತ್ರ ಸಿಕ್ಕಿತಂತೆ," ಅಂದ ತೂತಿಗೆ ಬಾಗಿ.
"ಆ ಮನೆಯವನ ಭಾವಮೈದುನ ಕೇಳದೆ ಒಯ್ದಿದ್ದನಂತೆ.
ಇದನ್ನು ಯಾವ ಕಿಟಕಿಯಲ್ಲಿ ಹೇಳಬೇಕು?"

ನಾಲ್ಕನೇ ಮಹಡಿ, ಅಂದೆ.
ನಾಲ್ಕನೇ ಮಹಡಿಯಲ್ಲಿ ಏನಿದೆಯೋ
ಹದಿನಾರು ವರ್ಷದಲ್ಲಿ ನಾನು ಹತ್ತಿ ನೋಡಿಲ್ಲ.

ರಸೀದಿ ಹೊರಬಂತು.
ಕೊನೆಯ ಸಾಲು ಯಂತ್ರವೇ ಹಾಕುವುದು: ಧನ್ಯವಾದಗಳು.
ಅವನು ಅದನ್ನು ನಾಲ್ಕು ಮಡಿಕೆ ಮಾಡಿ
ಪ್ಯಾಂಟಿನ ಜೇಬಿಗೆ ತುರುಕಿಕೊಂಡು
ಬಾಗಿಲು ನೂಕಿದ.

ಹೊರಗೆ ಇನ್ನೂ ಹಿಮ ಬೀಳುತ್ತಿತ್ತು.
ಜಾಕೆಟ್ಟು ಹಾಕಿರಲಿಲ್ಲ.